ಸೇಬಿಗೆ ಹತ್ತು ತಿಂಗಳು, ಮಾವಿಗೆ ಹತ್ತು ದಿನ

ಮೇ ತಿಂಗಳಲ್ಲಿ ಯಾವುದಾದ್ರೂ ಹಣ್ಣಿನ ತಳ್ಳುಗಾಡಿ ಮುಂದೆ ಒಂದು ನಿಮಿಷ ನಿಂತು ನೋಡಿ. ಒಂದು ಕಡೆ ಕಾಶ್ಮೀರದ ಸೇಬು, ಇನ್ನೊಂದು ಕಡೆ ಕೋಲಾರದ ಬಾದಾಮಿ ಮಾವು. ಮಾವು ಮರದಿಂದ ಇಳಿದು ಹೆಚ್ಚೆಂದರೆ ಒಂದು ವಾರ ಆಗಿರುತ್ತೆ. ಸೇಬು ಇಳಿದಿದ್ದು ಹಿಂದಿನ ವರ್ಷದ ಸೆಪ್ಟೆಂಬರ್ ಅಥವಾ ಅಕ್ಟೋಬರ್‌ನಲ್ಲಿ. ನಾವು ಒಂದು ಸೆಮಿಸ್ಟರ್ ಮುಗಿಸಿ ಇನ್ನೊಂದರ ಇಂಟರ್ನಲ್ಸ್ ಬರೆಯೋ ಹೊತ್ತಿಗೂ ಆ ಸೇಬು ಗರಿಗರಿಯಾಗೇ ಇದೆ. ಪಕ್ಕದ ಮಾವಿಗೆ ನಾಳೆ ನಾಡಿದ್ದರೊಳಗೆ ಗಿರಾಕಿ ಸಿಗ್ಲಿಲ್ಲ ಅಂದ್ರೆ ಕಪ್ಪು ಚುಕ್ಕೆ ಬಿದ್ದು ಅರ್ಧ ಬೆಲೆಗೆ ಹೋಗುತ್ತೆ, ಇಲ್ಲಾಂದ್ರೆ ತಿಪ್ಪೆಗೆ.

"ಅದು ಹಣ್ಣಿನ ಗುಣ, ಏನ್ ಮಾಡೋಕಾಗುತ್ತೆ" ಅಂತ ಸುಮ್ಮನಾಗೋದು ಸುಲಭ. ಆ ಮಾತು ಅರ್ಧ ನಿಜ. ಮಾವು ಸೇಬಿನ ಹಾಗೆ ಹತ್ತು ತಿಂಗಳು ಯಾವತ್ತೂ ಇರಲ್ಲ. ಇನ್ನರ್ಧ ಏನಂದ್ರೆ, ಸೇಬಿನ ಹಿಂದೆ ನೂರು ವರ್ಷದ ಅಳತೆ, ಲೆಕ್ಕ, ಕಟ್ಟಡ, ಯಂತ್ರ ಎಲ್ಲ ನಿಂತಿದೆ. ಮಾವಿನ ಹಿಂದೆ ಬಹುತೇಕ ಕಡೆ ನಿಂತಿರೋದು ಒಂದು ಟೆಂಪೋ ಮತ್ತೆ ಒಂದು ಟಾರ್ಪಾಲಿನ್. ಈ ಅಂತರವನ್ನ ಸ್ವಲ್ಪನಾದ್ರೂ ಕಡಿಮೆ ಮಾಡೋದು ಎಂಜಿನಿಯರಿಂಗ್ ಕಾಲೇಜಿನ ಕೆಲಸ ಅನ್ನೋದು ನಮ್ಮ ವಾದ. ಅದಕ್ಕೆ ಮೊದಲ ಹೆಜ್ಜೆ ಆ್ಯಪ್ ಬರೆಯೋದರಿಂದ ಶುರುವಾಗಲ್ಲ. ಒಂದು ಡಬ್ಬದೊಳಗೆ ಒಂದು ಕೆಜಿ ಹಣ್ಣಿಟ್ಟು ಅದು ಗಂಟೆಗೆ ಎಷ್ಟು ಉಸಿರಾಡುತ್ತೆ ಅಂತ ಅಳೆಯೋದರಿಂದ ಶುರುವಾಗುತ್ತೆ.

ಕಿತ್ತ ಮೇಲೂ ಬದುಕಿರುವ ಹಣ್ಣು

ಮರದಿಂದ ಕಿತ್ತ ತಕ್ಷಣ ಹಣ್ಣು ಸತ್ತು ಹೋಗಲ್ಲ. ಅದು ಆಕ್ಸಿಜನ್ ತಗೊಂಡು, ತನ್ನೊಳಗಿನ ಸಕ್ಕರೆಯನ್ನ ಸುಟ್ಟು, ಕಾರ್ಬನ್ ಡೈ ಆಕ್ಸೈಡ್, ನೀರು ಮತ್ತು ಶಾಖ ಬಿಡ್ತಾನೇ ಇರುತ್ತೆ. ಮರದಲ್ಲಿದ್ದಾಗ ಖರ್ಚಾದ ಸಕ್ಕರೆ ಎಲೆಯಿಂದ ಮತ್ತೆ ಬರ್ತಿತ್ತು. ಈಗ ಬರಲ್ಲ, ಇರೋ ಉಳಿತಾಯವನ್ನೇ ಕರಗಿಸಬೇಕು. ಉಸಿರಾಟ ಎಷ್ಟು ಜೋರೋ ಆಯಸ್ಸು ಅಷ್ಟು ಕಡಿಮೆ.

ಜೋರು ಅಂದ್ರೆ ಎಷ್ಟು? ಬಲಿತ ಮಾವು 13 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಕೆಜಿಗೆ ಗಂಟೆಗೆ ಸುಮಾರು 15ರಿಂದ 22 ಮಿಲಿಲೀಟರ್ ಕಾರ್ಬನ್ ಡೈ ಆಕ್ಸೈಡ್ ಬಿಡುತ್ತೆ. 20 ಡಿಗ್ರಿಯಲ್ಲಿ ಅದೇ 35ರಿಂದ 80 ಮಿಲಿಲೀಟರ್. ನಡುವಿನ 50 ಅಂತ ಇಟ್ಕೊಂಡು ಲೆಕ್ಕ ಹಾಕೋಣ. ಗ್ಲೂಕೋಸ್ ಉರಿದಾಗ ಬರೋ ಶಾಖ ಒಂದು ಮಿಲಿಗ್ರಾಂ ಕಾರ್ಬನ್ ಡೈ ಆಕ್ಸೈಡ್‌ಗೆ ಹತ್ತಿರ ಹತ್ತಿರ 11 ಜೂಲ್. ಹಾಗಾದ್ರೆ ಒಂದು ಟನ್ ಮಾವಿನಿಂದ ಸುಮಾರು 280 ವಾಟ್ ಶಾಖ. ಹತ್ತು ಟನ್ ಲಾರಿ ಲೋಡ್ ಅಂದ್ರೆ 2.8 ಕಿಲೋವಾಟ್. ಮೂರು ಇಸ್ತ್ರಿ ಪೆಟ್ಟಿಗೆ ಆನ್ ಮಾಡಿ ಲಾರಿಯೊಳಗಿಟ್ಟು ಮೇಲೆ ಟಾರ್ಪಾಲಿನ್ ಬಿಗಿದ ಹಾಗೆ! ಅದೂ 20 ಡಿಗ್ರಿಯ ಲೆಕ್ಕ. ಮೇ ತಿಂಗಳ ಕೋಲಾರದಲ್ಲಿ 20 ಡಿಗ್ರಿ ಎಲ್ಲಿಂದ ಬರಬೇಕು? ಬಿಸಿ ಏರಿದಷ್ಟೂ ಉಸಿರಾಟ ಏರುತ್ತೆ, ಉಸಿರಾಟ ಏರಿದಷ್ಟೂ ಬಿಸಿ ಏರುತ್ತೆ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಈ ಲೂಪ್ ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ.

ಇದರ ಜೊತೆ ಎಥಿಲೀನ್ ಅಂತ ಇನ್ನೊಂದು ಅನಿಲ ಇದೆ. ಮಾವು, ಬಾಳೆ, ಸಪೋಟ, ಸೇಬು ಇವೆಲ್ಲ ಹಣ್ಣಾಗೋ ಹೊತ್ತಿಗೆ ತಾವೇ ಇದನ್ನ ಬಿಡ್ತವೆ. ಒಂದು ಹಣ್ಣು ಬಿಟ್ಟಿದ್ದು ಪಕ್ಕದ್ದನ್ನೂ ಎಬ್ಬಿಸುತ್ತೆ. ನಮ್ಮ ಅಜ್ಜಿಯರು ಇದರ ಹೆಸರು ಕೇಳಿರಲಿಲ್ಲ, ಆದರೆ ಉಪಯೋಗ ಚೆನ್ನಾಗಿ ಗೊತ್ತಿತ್ತು. ಮಾವಿನಕಾಯಿಯನ್ನ ಹುಲ್ಲಲ್ಲಿ ಅಡೆ ಹಾಕೋದು, ಅಕ್ಕಿ ಡಬ್ಬದೊಳಗೆ ಹೂತಿಡೋದು, ಬಾಳೆಗೊನೆಗೆ ಹೊಗೆ ಕೊಡೋದು, ಎಲ್ಲದರ ಹಿಂದೆಯೂ ಎಥಿಲೀನ್ ಇದೆ. ಹೊಗೆಯಲ್ಲೂ ಅದು ಇರುತ್ತೆ. ಕ್ಯಾಲ್ಸಿಯಂ ಕಾರ್ಬೈಡ್ ಇಟ್ಟು ಹಣ್ಣು ಮಾಡೋದನ್ನ ಕಾನೂನು ನಿಷೇಧಿಸಿದೆ. ಅದರ ಬದಲು ಎಥಿಲೀನ್ ಅನಿಲವನ್ನ 100 ಪಿಪಿಎಂ ತನಕ ಬಳಸೋಕೆ ಅನುಮತಿ ಇದೆ. ಬೇಗ ಹಣ್ಣು ಮಾಡೋ ವಿದ್ಯೆ ನಮ್ಮಲ್ಲಿ ಮನೆಮನೆಯಲ್ಲೂ ಇತ್ತು. ತಡೆದು ನಿಲ್ಲಿಸೋ ವಿದ್ಯೆ ಮಾತ್ರ ಮನೆಯಲ್ಲಿ ಸಾಧ್ಯ ಇರಲಿಲ್ಲ. ಅದಕ್ಕೆ ಗಾಳಿಯನ್ನೇ ಬದಲಾಯಿಸಬೇಕು.

ಹದಗಾಳಿ ಕೋಣೆ

ನಾವು ಉಸಿರಾಡೋ ಗಾಳಿಯಲ್ಲಿ ಆಕ್ಸಿಜನ್ ಸುಮಾರು 21 ಪರ್ಸೆಂಟ್, ಕಾರ್ಬನ್ ಡೈ ಆಕ್ಸೈಡ್ 0.04 ಪರ್ಸೆಂಟ್, ಉಳಿದದ್ದು ಬಹುತೇಕ ನೈಟ್ರೋಜನ್. ಒಂದು ಗಾಳಿಬಿಗಿ ಕೋಣೆಯಲ್ಲಿ ಆಕ್ಸಿಜನ್ ಇಳಿಸಿ, ಕಾರ್ಬನ್ ಡೈ ಆಕ್ಸೈಡ್ ಸ್ವಲ್ಪ ಏರಿಸಿ, ತಂಪು ಮತ್ತು ತೇವ ಕಾಪಾಡಿದ್ರೆ ಹಣ್ಣಿನ ಉಸಿರಾಟ ನಿಧಾನ ಆಗುತ್ತೆ. ಎಥಿಲೀನ್ ತಯಾರಾಗೋಕೂ ಆಕ್ಸಿಜನ್ ಬೇಕು, ಹಾಗಾಗಿ ಅದೂ ತಗ್ಗುತ್ತೆ. ಇದಕ್ಕೆ ಇಂಗ್ಲಿಷಿನಲ್ಲಿ ಕಂಟ್ರೋಲ್ಡ್ ಅಟ್ಮಾಸ್ಫಿಯರ್ ಸ್ಟೋರೇಜ್, ವ್ಯಾಪಾರದವರ ಬಾಯಲ್ಲಿ ಸಿ.ಎ. ಸ್ಟೋರ್. ಅನುವಾದ ಮಾಡಿದ್ರೆ "ನಿಯಂತ್ರಿತ ವಾತಾವರಣ ಸಂಗ್ರಹಾಗಾರ" ಆಗುತ್ತೆ, ಓದುವಷ್ಟರಲ್ಲಿ ಹಣ್ಣು ಕೊಳೆತಿರುತ್ತೆ. ಈ ಲೇಖನದ ಮಟ್ಟಿಗೆ ನಾವು ಅದನ್ನ ಹದಗಾಳಿ ಕೋಣೆ ಅಂತ ಕರೀತೀವಿ. ಒಪ್ಪಿಗೆ ಆಗದವರು ಇದಕ್ಕಿಂತ ಒಳ್ಳೆ ಪದ ಕಳಿಸಿ.

ಹಣ್ಣು ಮಾಗೋಕೆ ಆಕ್ಸಿಜನ್ ಬೇಕು ಅಂತ ಫ್ರಾನ್ಸಿನ ಬೆರಾರ್ 1821ರಲ್ಲೇ ತೋರಿಸಿದ್ದರು. ಅದನ್ನ ಎಂಜಿನಿಯರಿಂಗ್ ಮಾಡಿದ್ದು ಇಂಗ್ಲೆಂಡಿನ ಕೇಂಬ್ರಿಜ್‌ನ ಫ್ರಾಂಕ್ಲಿನ್ ಕಿಡ್ ಮತ್ತು ಸಿರಿಲ್ ವೆಸ್ಟ್. ಮೊದಲ ಮಹಾಯುದ್ಧದ ಕೊನೆಗೆ, ಆಹಾರ ಹಾಳಾಗೋದನ್ನ ತಡೆಯೋ ಸರ್ಕಾರಿ ಯೋಜನೆಯಲ್ಲಿ ಇವರಿಬ್ಬರು ಸೇಬು ಇಟ್ಟುಕೊಂಡು ಕೂತರು. ವರ್ಷಗಟ್ಟಲೆ ಅಳೆದರು. ಯಾವ ತಳಿ, ಎಷ್ಟು ತಂಪು, ಎಷ್ಟು ಆಕ್ಸಿಜನ್, ಎಷ್ಟು ದಿನ. 1929ರಲ್ಲಿ ಕೆಂಟ್ ಪ್ರಾಂತದ ಕ್ಯಾಂಟರ್ಬರಿ ಹತ್ತಿರ ವ್ಯಾಪಾರಕ್ಕಂತ ಮೊದಲ ಕೋಣೆ ಎದ್ದು ನಿಂತಿತು. ಒಳಗೆ ಬ್ರಾಮ್ಲಿ ಅನ್ನೋ ತಳಿಯ ಸೇಬು, 10 ಪರ್ಸೆಂಟ್ ಕಾರ್ಬನ್ ಡೈ ಆಕ್ಸೈಡ್, 11 ಪರ್ಸೆಂಟ್ ಆಕ್ಸಿಜನ್.

ಈ ಎರಡು ಸಂಖ್ಯೆ ಕೂಡಿಸಿ ನೋಡಿ. 21! ಇದು ಕಾಕತಾಳೀಯ ಅಲ್ಲ. ಹಣ್ಣು ತಗೊಂಡಷ್ಟೇ ಆಕ್ಸಿಜನ್‌ಗೆ ಅಷ್ಟೇ ಕಾರ್ಬನ್ ಡೈ ಆಕ್ಸೈಡ್ ಬಿಡುತ್ತೆ. ಆ ಕೋಣೆಯಲ್ಲಿ ಅನಿಲ ಬದಲಾಯಿಸೋ ಯಂತ್ರ ಏನೂ ಇರಲಿಲ್ಲ. ಬಿಗಿಯಾಗಿ ಮುಚ್ಚಿದರು, ಹಣ್ಣೇ ಗಾಳಿ ಬದಲಾಯಿಸಿತು, ಮಟ್ಟ ಮೀರಿದಾಗ ಹೊರಗಿನ ಗಾಳಿ ಬಿಟ್ಟುಕೊಂಡರು. ಯಂತ್ರ ಇಲ್ಲದೆ ಇದು ಸಾಧ್ಯ ಆಗಿದ್ದು ಹಣ್ಣಿನ ಉಸಿರಾಟದ ಲೆಕ್ಕ ಅವರ ಕೈಯಲ್ಲಿ ಇದ್ದಿದ್ದಕ್ಕೆ.

ಇವತ್ತಿನ ಕೋಣೆಯಲ್ಲಿ ಸಾಮಾನು ಜಾಸ್ತಿ. ನೈಟ್ರೋಜನ್ ಮಾಡೋಕೆ ಪಿ.ಎಸ್.ಎ. ಯಂತ್ರ. 2021ರಲ್ಲಿ ಕೋವಿಡ್ ಎರಡನೇ ಅಲೆ ಬಂದಾಗ ಆಸ್ಪತ್ರೆಗಳ ಹಿತ್ತಲಲ್ಲಿ ಆಕ್ಸಿಜನ್ ಪ್ಲಾಂಟ್ ಕೂರಿಸಿದ್ರಲ್ಲ, ಅದರದ್ದೇ ಅಣ್ಣ-ತಮ್ಮ. ಅಲ್ಲಿ ಜಿಯೋಲೈಟ್ ನೈಟ್ರೋಜನ್ ಹಿಡಿದು ಆಕ್ಸಿಜನ್ ಬಿಡುತ್ತೆ, ಇಲ್ಲಿ ಕಾರ್ಬನ್ ಜರಡಿ ಆಕ್ಸಿಜನ್ ಹಿಡಿದು ನೈಟ್ರೋಜನ್ ಬಿಡುತ್ತೆ. ಹೆಚ್ಚಾದ ಕಾರ್ಬನ್ ಡೈ ಆಕ್ಸೈಡ್ ಹೀರೋಕೆ ಆ್ಯಕ್ಟಿವೇಟೆಡ್ ಕಾರ್ಬನ್, ಅಥವಾ ಸರಳವಾಗಿ ಅರಳಿಸಿದ ಸುಣ್ಣದ ಚೀಲ. ಎಥಿಲೀನ್ ತೆಗೆಯೋಕೆ ಪೊಟ್ಯಾಶಿಯಂ ಪರ್ಮಾಂಗನೇಟ್ ಅಥವಾ ಕೆಟಲಿಸ್ಟ್. ಇದರಲ್ಲಿ ನಮ್ಮ ಯಾವುದಾದ್ರೂ ಬ್ರಾಂಚ್‌ಗೆ ಹೊಸದು ಅನ್ನಿಸೋದು ಏನಿದೆ? ಮೆಕ್ಯಾನಿಕಲ್‌ನವರಿಗೆ ರೆಫ್ರಿಜರೇಶನ್, ಕೆಮಿಕಲ್‌ನವರಿಗೆ ಅಡ್ಸಾರ್ಪ್ಶನ್, ಇ ಅಂಡ್ ಸಿ ಅವರಿಗೆ ಸೆನ್ಸರ್, ಸಿವಿಲ್‌ನವರಿಗೆ ಗಾಳಿ ಸೋರದ ಗೋಡೆ. ಆ ಗೋಡೆಯ ಪರೀಕ್ಷೆ ಕೂಡ ಪರಿಚಯದ್ದೇ: ಕೋಣೆಯೊಳಗೆ ಒತ್ತಡ ಸ್ವಲ್ಪ ಏರಿಸಿ, ಅದು ಅರ್ಧಕ್ಕೆ ಇಳಿಯೋಕೆ ಎಷ್ಟು ನಿಮಿಷ ಬೇಕು ಅಂತ ನೋಡೋದು. ಕೆಪಾಸಿಟರ್ ಡಿಸ್‌ಚಾರ್ಜ್ ಗ್ರಾಫ್ ಬಿಡಿಸಿದವರೆಲ್ಲ ಇದನ್ನ ಮಾಡಬಹುದು.

ಪ್ಲಾಸ್ಟಿಕ್ ಕವರ್ ಕಟ್ಟಿಟ್ಟರೆ ಸಾಲದೇ?

ಆಕ್ಸಿಜನ್ ಕಡಿಮೆ ಮಾಡೋದೇ ಗುಟ್ಟಾದ್ರೆ ಒಂದು ದಪ್ಪ ಕವರ್‌ನಲ್ಲಿ ಕಟ್ಟಿಟ್ಟರೆ ಆಯ್ತಲ್ಲ ಅಂತ ಕೇಳಬಹುದು. ಲೆಕ್ಕ ನೋಡಿ. ಹತ್ತು ಕೆಜಿ ಮಾವು, ಕವರ್‌ನೊಳಗೆ ಹತ್ತು ಲೀಟರ್ ಖಾಲಿ ಜಾಗ. ಅದರಲ್ಲಿ ಆಕ್ಸಿಜನ್ 2.1 ಲೀಟರ್. ಗಂಟೆಗೆ ಕೆಜಿಗೆ 50 ಮಿಲಿಲೀಟರ್‌ನಂತೆ ಹತ್ತು ಕೆಜಿಗೆ ಗಂಟೆಗೆ ಅರ್ಧ ಲೀಟರ್ ಖರ್ಚು. ಆ ವೇಗದಲ್ಲೇ ಹೋದ್ರೆ ನಾಲ್ಕು ಗಂಟೆಯಲ್ಲಿ ಆಕ್ಸಿಜನ್ ಖಾಲಿ. ಆಕ್ಸಿಜನ್ ಇಳಿದಂತೆ ಉಸಿರಾಟವೂ ಇಳಿಯುತ್ತೆ, ಹಾಗಾಗಿ ನಿಜದಲ್ಲಿ ಇನ್ನೂ ಸ್ವಲ್ಪ ಹೊತ್ತು ಹಿಡಿಯಬಹುದು. ಆದರೂ ಬೆಳಿಗ್ಗೆ ಕಟ್ಟಿದ ಕವರ್ ಮಾರನೇ ದಿನಕ್ಕೆ ಹುಳಿವಾಸನೆ ಹೊಡೆಯೋದು ಖಂಡಿತ. ಆಕ್ಸಿಜನ್ ಸಿಗದ ಹಣ್ಣು ಹುದುಗೋಕೆ ಶುರು ಮಾಡುತ್ತೆ, ಒಳಗೆ ಆಲ್ಕೊಹಾಲ್ ಸೇರುತ್ತೆ, ರುಚಿ ಕೆಡುತ್ತೆ.

ಇಡೀ ಆಟ ಇರೋದು ಆ ಗೆರೆಯ ಮೇಲೆ. ಕೆಳಗಿಳಿದಷ್ಟೂ ಆಯಸ್ಸು ಜಾಸ್ತಿ, ಗೆರೆ ದಾಟಿದ್ರೆ ಹಣ್ಣು ಹಾಳು. ಆ ಗೆರೆ ಎಲ್ಲಾ ಹಣ್ಣಿಗೂ ಒಂದೇ ಜಾಗದಲ್ಲಿಲ್ಲ. ಸೇಬಿಗೆ ತಳಿ ನೋಡಿಕೊಂಡು 0ಯಿಂದ 3 ಡಿಗ್ರಿ ತಂಪು, 1ರಿಂದ 3 ಪರ್ಸೆಂಟ್ ಆಕ್ಸಿಜನ್, ಹೆಚ್ಚುಕಮ್ಮಿ ಅಷ್ಟೇ ಕಾರ್ಬನ್ ಡೈ ಆಕ್ಸೈಡ್. ಮಾವಿಗೆ 13 ಡಿಗ್ರಿ ಆಸುಪಾಸು, 3ರಿಂದ 5 ಪರ್ಸೆಂಟ್ ಆಕ್ಸಿಜನ್, 5ರಿಂದ 8 ಪರ್ಸೆಂಟ್ ಕಾರ್ಬನ್ ಡೈ ಆಕ್ಸೈಡ್. ಬಾಳೆಗೆ 13-14 ಡಿಗ್ರಿ, ಎರಡೂ ಅನಿಲ 2ರಿಂದ 5 ಪರ್ಸೆಂಟ್. ಸೇಬಿನ ಕೋಣೆಗೆ ಮಾವು ಹಾಕಿದ್ರೆ ಚಳಿಗೇ ಸಿಪ್ಪೆ ಬಣ್ಣಗೆಟ್ಟು, ಹೊರಗೆ ತೆಗೆದ ಮೇಲೆ ಸರಿಯಾಗಿ ಹಣ್ಣೂ ಆಗಲ್ಲ. ಫ್ರಿಜ್ಜಲ್ಲಿಟ್ಟ ಬಾಳೆಹಣ್ಣು ಕಪ್ಪಾಗೋದನ್ನ ಎಲ್ಲರೂ ನೋಡಿದ್ದೀವಿ, ಅದೇ ಕಥೆ.

ಆಯಸ್ಸಿನ ಲೆಕ್ಕವನ್ನೂ ಪ್ರಾಮಾಣಿಕವಾಗಿ ಇಡೋಣ. 13 ಡಿಗ್ರಿಯಲ್ಲಿ ಮಾಮೂಲಿ ಗಾಳಿಯಲ್ಲಿ ಮಾವು ಎರಡರಿಂದ ನಾಲ್ಕು ವಾರ ಇರುತ್ತೆ, ಗಾಳಿಯನ್ನೂ ಹದ ಮಾಡಿದ್ರೆ ಮೂರರಿಂದ ಆರು ವಾರ. ಬಾಳೆ ಎರಡರಿಂದ ನಾಲ್ಕು ವಾರ ಇದ್ದದ್ದು ನಾಲ್ಕರಿಂದ ಆರು ವಾರಕ್ಕೆ ಏರುತ್ತೆ. ಅಂದ್ರೆ ಮಾವಿನ ವಿಷಯದಲ್ಲಿ ಮೊದಲ ದೊಡ್ಡ ಲಾಭ ತಂಪಿನಿಂದ, ಅನಿಲದಿಂದ ಸಿಗೋದು ಅದರ ಮೇಲೆ ಒಂದೆರಡು ವಾರ. ತಂಪೇ ಇಲ್ಲದ ಕಡೆ ಗಾಳಿ ಹದ ಮಾಡೋಕೆ ಹೊರಡೋದು ಅಡಿಪಾಯ ಇಲ್ಲದೆ ಮಹಡಿ ಕಟ್ಟಿದ ಹಾಗೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು 1980ರ ದಶಕದಲ್ಲೇ ಕರೆಂಟ್ ಬೇಡದ ತಂಪು ಕೋಣೆ ಮಾಡಿ ತೋರಿಸಿದ್ದಾರೆ. ಇಟ್ಟಿಗೆಯ ಎರಡು ಗೋಡೆ, ನಡುವೆ ಮರಳು, ಮರಳಿಗೆ ನೀರು. ಒಣ ಬೇಸಿಗೆಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತೆ. ಕೊಯ್ದ ಹಣ್ಣನ್ನ ಮೊದಲ ಕೆಲವು ಗಂಟೆ ಬಿಸಿಲಿಂದ ತಪ್ಪಿಸೋಕೆ ಇದೂ ದೊಡ್ಡದೇ.

ಎರಡು ವಾರದ ಬೆಲೆ

ಇಷ್ಟೆಲ್ಲ ಕಷ್ಟಪಟ್ಟು ಸಿಗೋದು ಎರಡು ವಾರನಾ ಅಂತ ಕೇಳೋರಿಗೆ ಶ್ರೀನಿವಾಸಪುರದ ಕಡೆ ಕೈ ತೋರಿಸ್ತೀವಿ.

ಮಾವಿನ ಸುಗ್ಗಿ ಅಂದ್ರೆ ಕೆಲವೇ ವಾರ. ಎಲ್ಲಾ ತೋಪಿನ ಕಾಯಿ ಒಟ್ಟಿಗೆ ಬಲಿಯುತ್ತೆ, ಎಲ್ಲಾ ಟೆಂಪೋ ಒಟ್ಟಿಗೆ ಮಂಡಿ ಬಾಗಿಲಿಗೆ ಬರುತ್ತೆ. ಕಾಯಿ ತಂದವನು "ಈ ರೇಟಿಗೆ ಕೊಡಲ್ಲ, ವಾಪಸ್ ತಗೊಂಡು ಹೋಗ್ತೀನಿ" ಅನ್ನೋ ಹಾಗಿಲ್ಲ. ವಾಪಸ್ ತಗೊಂಡು ಹೋಗಿ ಎಲ್ಲಿಡೋದು? ಕೊಳ್ಳೋರಿಗೂ ಇದು ಗೊತ್ತು. ಬೇಡ ಅನ್ನೋ ಶಕ್ತಿ ಇಲ್ಲದವನು ಚೌಕಾಸಿ ಮಾಡೋದು ಹೇಗೆ? ಕಾಯಿಗೆ ಎರಡು ವಾರ ಆಯಸ್ಸು ಕೊಟ್ಟರೆ ಬೆಳೆದವನಿಗೆ ಸಿಗೋದು ಆ "ಬೇಡ" ಅನ್ನೋ ಮಾತು.

ಕಾಶ್ಮೀರದಲ್ಲಿ ಇದು ಕಣ್ಣಿಗೆ ಕಾಣುತ್ತೆ. ಪುಲ್ವಾಮಾ ಜಿಲ್ಲೆಯ ಲಸ್ಸಿಪೋರಾದಲ್ಲಿ ಸಿ.ಎ. ಸ್ಟೋರ್‌ಗಳ ಸಾಲೇ ಇದೆ. ಅಕ್ಟೋಬರ್‌ನಲ್ಲಿ ಮಾರುಕಟ್ಟೆ ತುಂಬಿ ತುಳುಕುವಾಗ ಹಣ್ಣು ಒಳಗೆ ಹೋಗುತ್ತೆ, ಪೂರೈಕೆ ತೆಳುವಾದ ಮೇಲೆ ಹೊರಗೆ ಬರುತ್ತೆ. ಆದರೆ ಬೆಲೆ ಏರಿದ್ದರ ಲಾಭ ಹೋಗೋದು ಹಣ್ಣನ್ನ ಇಟ್ಟುಕೊಂಡವರಿಗೆ. ಸುಗ್ಗಿಯಲ್ಲೇ ಮಾರಿ ಕೈ ತೊಳೆದುಕೊಂಡ ರೈತನಿಗೆ ಅದರಲ್ಲಿ ಪಾಲಿಲ್ಲ. ಹಾಗಾಗಿ ಕೋಣೆಯ ಬೀಗದ ಕೈ ಯಾರ ಹತ್ತಿರ ಇರುತ್ತೆ ಅನ್ನೋದೂ ಎಂಜಿನಿಯರಿಂಗ್ ಪ್ರಶ್ನೆಯೇ. ಐದು ಸಾವಿರ ಟನ್ನಿನ ಕೋಣೆ ಡಿಸೈನ್ ಮಾಡಿದ್ರೆ ಬೀಗದ ಕೈ ದೊಡ್ಡ ಕಂಪನಿ ಹತ್ತಿರ ಹೋಗುತ್ತೆ. ಐದು ಟನ್ನಿನದು ಮಾಡಿದ್ರೆ ಹತ್ತು ರೈತರ ಗುಂಪಿನ ಹತ್ತಿರ ಇರಬಹುದು. ನಾವು ಹಾಳೆ ಮೇಲೆ ಬರೆಯೋ ಸೈಜ್ ಮುಂದೆ ಯಾರ ಜೇಬು ತುಂಬುತ್ತೆ ಅಂತ ತೀರ್ಮಾನ ಮಾಡುತ್ತೆ.

ಎದುರು ವಾದಗಳೂ ಇವೆ, ಅವನ್ನ ಬಚ್ಚಿಡಲ್ಲ. 2025ರ ಜೂನ್‌ನಲ್ಲಿ ತೋತಾಪುರಿ ಬೆಲೆ ನೆಲ ಕಚ್ಚಿತು. ಆಂಧ್ರದ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿಗೆ ತಡೆ ಹಾಕಿತು, ನಮ್ಮ ಮುಖ್ಯಮಂತ್ರಿಗಳು ಆಂಧ್ರದ ಮುಖ್ಯಮಂತ್ರಿಗೆ ಪತ್ರ ಬರೆದರು. ತೋತಾಪುರಿ ಹೋಗೋದು ಹೆಚ್ಚಾಗಿ ಪಲ್ಪ್ ಫ್ಯಾಕ್ಟರಿಗೆ. ಫ್ಯಾಕ್ಟರಿಗೇ ಬೇಡ ಅಂದಾಗ ಕಾಯಿಯನ್ನ ಇನ್ನೆರಡು ವಾರ ಇಟ್ಟುಕೊಂಡು ಮಾಡೋದೇನು? ಅಂಥ ಕಡೆ ಹದಗಾಳಿ ಕೋಣೆ ಮದ್ದಲ್ಲ, ಅದು ಬೇಡಿಕೆಯ ಸಮಸ್ಯೆ. ಕೋಣೆ ಉಪಯೋಗಕ್ಕೆ ಬರೋದು ಕೈಯಲ್ಲಿ ಹಿಡಿದು ತಿನ್ನೋ ಬಾದಾಮಿ, ಮಲ್ಲಿಕಾ, ರಸಪುರಿಯಂಥ ಹಣ್ಣಿಗೆ. ಇನ್ನೊಂದು ಮಾತು: ಎಷ್ಟೋ ಕಡೆ ಮರ ಹೂ ಬಿಟ್ಟಾಗಲೇ ತೋಪನ್ನ ಗುತ್ತಿಗೆಗೆ ಕೊಟ್ಟುಬಿಡ್ತಾರೆ. ಆಮೇಲೆ ಕಾಯಿ ಎಷ್ಟು ದಿನ ಉಳಿದರೂ ರೈತನಿಗೆ ಬಂದ ಭಾಗ್ಯ ಏನೂ ಇಲ್ಲ. ತಂತ್ರಜ್ಞಾನ ಒಂದೇ ಎಲ್ಲವನ್ನೂ ಸರಿ ಮಾಡುತ್ತೆ ಅಂತ ನಾವು ಹೇಳ್ತಿಲ್ಲ. ತಂತ್ರಜ್ಞಾನ ಇಲ್ಲದೆ ಗುತ್ತಿಗೆಯಿಂದ ಹೊರಗೆ ಬರೋ ಧೈರ್ಯವೂ ಬರಲ್ಲ ಅಂತ ಹೇಳ್ತಿದ್ದೀವಿ.

ಹಾಗಾದ್ರೆ ನಾವು ಮಾಡೋದೇನು?

ಸಂಶೋಧನೆ ಆಗೇ ಇಲ್ಲ ಅಂತಲ್ಲ. ಮೈಸೂರಿನಲ್ಲಿ 1950ರಿಂದ ಸಿ.ಎಫ್.ಟಿ.ಆರ್.ಐ. ಇದೆ. ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದೆ. ಬಾಗಲಕೋಟೆಯಲ್ಲಿ ತೋಟಗಾರಿಕಾ ವಿಶ್ವವಿದ್ಯಾಲಯ ಇದೆ. ಹಣ್ಣಿನ ಬಗ್ಗೆ ತಿಳಿದವರು ಅಲ್ಲಿದ್ದಾರೆ. ನಡುವೆ ಖಾಲಿ ಇರೋ ಜಾಗ, ಅವರ ಲ್ಯಾಬಿನ ಅಂಕಿಯನ್ನ ತೋಪಿನ ಪಕ್ಕ ಕಡಿಮೆ ದುಡ್ಡಲ್ಲಿ, ಹೋಗಿಬರೋ ಕರೆಂಟಲ್ಲಿ ನಡೆಯೋ ಪೆಟ್ಟಿಗೆಯನ್ನಾಗಿ ಮಾಡೋದು. ಅದು ನಮ್ಮ ಜಾಗ.

ಆದರೆ ಫೈನಲ್ ಇಯರ್ ಪ್ರಾಜೆಕ್ಟ್ ಎಕ್ಸಿಬಿಷನ್‌ಗಳಲ್ಲಿ ಸಾಮಾನ್ಯವಾಗಿ ಏನು ಕಾಣುತ್ತೆ? "ಸ್ಮಾರ್ಟ್ ಅಗ್ರಿಕಲ್ಚರ್" ಅಂತ ಒಂದು ಬೋರ್ಡು, ಒಂದು ತೇವಾಂಶದ ಸೆನ್ಸರ್, ಫೋನಲ್ಲಿ ಒಂದು ಡ್ಯಾಶ್‌ಬೋರ್ಡ್. ಡ್ಯಾಶ್‌ಬೋರ್ಡ್‌ನಲ್ಲಿ ಮುಳ್ಳು ಅಲುಗುತ್ತೆ, ಮಾರ್ಕ್ಸ್ ಬರುತ್ತೆ. ಆ ಮುಳ್ಳು ಎಷ್ಟಕ್ಕೆ ಬಂದ್ರೆ ಏನು ಮಾಡಬೇಕು ಅಂತ ಕೇಳಿ, ಉತ್ತರ ಇರಲ್ಲ. ಯಾಕಂದ್ರೆ ಅದಕ್ಕೆ ಹಣ್ಣಿನ ಅಂಕಿ ಬೇಕು. ಆ ಅಂಕಿ ಗೂಗಲ್ ಮಾಡಿದ್ರೆ ಹೆಚ್ಚಾಗಿ ಸಿಗೋದು ಬೇರೆ ದೇಶದ ಮಾವಿನದ್ದು. ನಂಜನಗೂಡಿನ ರಸಬಾಳೆಗೆ ಜಿ.ಐ. ಟ್ಯಾಗ್ ಇದೆ, ರೋಗದ ಹೊಡೆತಕ್ಕೆ ಬೆಳೆಯುವ ಜಾಗ ಕುಗ್ಗಿದೆ, ಸಿಪ್ಪೆ ತೆಳು. ಅಂಥ ಹಣ್ಣಿಗೆ ಹಡಗಿನಲ್ಲಿ ಹೋಗೋ ಕ್ಯಾವೆಂಡಿಶ್ ಬಾಳೆಯ ಸೆಟ್ಟಿಂಗ್ ಹಾಗೇ ಹಾಕೋಕಾಗುತ್ತಾ? ಅಳೆಯದೆ ಹೇಳೋದು ಹೇಗೆ?

ಅಳೆಯೋದು ಬೋರಿಂಗ್ ಅನ್ನೋರಿಗೆ ಒಂದು ಸಣ್ಣ ರುಚಿ ತೋರಿಸ್ತೀವಿ. ಐದು ಲೀಟರಿನ ಗಾಳಿಬಿಗಿ ಡಬ್ಬ, ಒಂದು ಕೆಜಿ ಮಾವು. ಖಾಲಿ ಜಾಗ ಸುಮಾರು ನಾಲ್ಕು ಲೀಟರ್. ಹಣ್ಣು ಗಂಟೆಗೆ 50 ಮಿಲಿಲೀಟರ್ ಬಿಟ್ಟರೆ ಒಂದು ಗಂಟೆಯಲ್ಲಿ ಕಾರ್ಬನ್ ಡೈ ಆಕ್ಸೈಡ್ 1.25 ಪರ್ಸೆಂಟ್, ಅಂದ್ರೆ 12,500 ಪಿಪಿಎಂ ಏರುತ್ತೆ. ಕ್ಲಾಸ್‌ರೂಮ್ ಗಾಳಿ ಅಳೆಯೋಕಂತ ಸಿಗೋ ಅಗ್ಗದ ಸೆನ್ಸರ್‌ಗಳಲ್ಲಿ ಎಷ್ಟೋ 5,000 ಪಿಪಿಎಂಗೇ ನಿಂತುಬಿಡ್ತವೆ. ಹಾಗಾದ್ರೆ ಹತ್ತು ನಿಮಿಷಕ್ಕೇ ಓದಬೇಕು, ಆಗ ಏರಿಕೆ ಸುಮಾರು 2,000. ಡಬ್ಬದ ಮುಚ್ಚಳ ಸೋರುತ್ತಾ? ಹಣ್ಣಿಲ್ಲದೆ ಒಮ್ಮೆ ಓಡಿಸಿ ನೋಡಬೇಕು. ಒಳಗೆ ತೇವ 90 ಪರ್ಸೆಂಟ್ ದಾಟಿದಾಗ ಸೆನ್ಸರ್ ಮೇಲೆ ಹನಿ ಕೂತು ಸುಳ್ಳು ಹೇಳುತ್ತಾ? ಕ್ಯಾಲಿಬ್ರೇಶನ್ ಎಷ್ಟು ದಿನ ನಿಲ್ಲುತ್ತೆ? ಒಂದು ಡಬ್ಬದೊಳಗೆ ಇಡೀ ಇನ್‌ಸ್ಟ್ರುಮೆಂಟೇಶನ್ ಪೇಪರ್ ಇದೆ.

ಆ ಸಂಖ್ಯೆ ಕೈಗೆ ಬಂದ ಮೇಲೆ ಮುಂದಿನದ್ದೆಲ್ಲ ತಾನಾಗೇ ತೆರೆದುಕೊಳ್ಳುತ್ತೆ. ಎಷ್ಟು ಕೂಲಿಂಗ್ ಬೇಕು, ಎಷ್ಟು ಸುಣ್ಣ ಬೇಕು, ಕವರ್‌ಗೆ ಎಷ್ಟು ಸೂಜಿತೂತು ಹಾಕಿದ್ರೆ ಹಣ್ಣು ತಗೊಳ್ಳೋ ಆಕ್ಸಿಜನ್ ಮತ್ತು ಒಳಗೆ ನುಸುಳೋ ಆಕ್ಸಿಜನ್ ಸರಿಸಮ ಆಗುತ್ತೆ, ಕರೆಂಟ್ ಹೋದ್ರೆ ಎಷ್ಟು ಗಂಟೆ ತಡೆಯುತ್ತೆ. ಯಂತ್ರ ಕೊಳ್ಳೋಕೆ ದುಡ್ಡಿಲ್ಲದ ಕಡೆ, 1929ರ ಕ್ಯಾಂಟರ್ಬರಿ ಕೋಣೆಯ ಹಾಗೆ ಹಣ್ಣಿನಿಂದಲೇ ಗಾಳಿ ಹದ ಮಾಡಿಸೋಕಾಗುತ್ತಾ ಅನ್ನೋದೇ ಒಂದು ಒಳ್ಳೆ ಪ್ರಾಜೆಕ್ಟ್.

ಎರಡು ಎಚ್ಚರಿಕೆ. ಮೊದಲನೆಯದು ಜೀವದ್ದು. 2-3 ಪರ್ಸೆಂಟ್ ಆಕ್ಸಿಜನ್ ಇರೋ ಜಾಗಕ್ಕೆ ತಲೆ ಹಾಕಿದ್ರೆ ಒಂದೆರಡು ಉಸಿರಲ್ಲಿ ಪ್ರಜ್ಞೆ ತಪ್ಪಬಹುದು. ವಾಸನೆ ಬರಲ್ಲ, ಉಸಿರು ಕಟ್ಟಿದ ಹಾಗೂ ಅನ್ನಿಸಲ್ಲ. ಕಾಲೇಜಿನಲ್ಲಿ ಏನೇ ಮಾಡಿದ್ರೂ ಡಬ್ಬದ ಸೈಜಿನಲ್ಲಿ ಮಾಡಿ. ಮನುಷ್ಯ ಒಳಗೆ ಹೋಗೋ ಅಳತೆಯ ಕೋಣೆಯಲ್ಲಿ ಪ್ರಯೋಗ ಬೇಡವೇ ಬೇಡ. ಎರಡನೆಯದು ಹಣ್ಣಿನದ್ದು. ಬಾದಾಮಿಯಲ್ಲಿ ಹೊರಗೆ ಚೆಂದ ಕಂಡು ಒಳಗೆ ತಿರುಳು ಸ್ಪಂಜಿನ ಹಾಗೆ ಬೆಳ್ಳಗಾಗೋ ದೋಷ ಇದೆ. ಅದು ಮರದಲ್ಲಿದ್ದಾಗಲೇ ಶುರುವಾಗಿರುತ್ತೆ, ನಿಮ್ಮ ಪೆಟ್ಟಿಗೆಯ ತಪ್ಪಲ್ಲ. ಅಂಥದ್ದನ್ನ ಗುರುತಿಸೋಕೆ ತೋಟಗಾರಿಕೆಯವರು ಜೊತೆಗಿರಬೇಕು. ಕೊನೆಗೆ ಹಣ್ಣನ್ನ ಕತ್ತರಿಸಿ ತಿಂದೂ ನೋಡಬೇಕು. ಮೂರು ವಾರ ಉಳಿದು ಸಪ್ಪೆಯಾದ ಮಾವು ಗ್ರಾಫಲ್ಲಿ ಮಾತ್ರ ಗೆದ್ದ ಮಾವು.

ಕ್ಯಾಲೆಂಡರ್ ಮತ್ತು ಕನ್ನಡ

ಒಂದು ಪ್ರಾಯೋಗಿಕ ತೊಡಕಿದೆ. ಮಾವು ಬರೋ ಹೊತ್ತಿಗೆ ನಮ್ಮ ಪ್ರಾಜೆಕ್ಟ್ ರಿಪೋರ್ಟ್ ಬೈಂಡಿಂಗ್‌ಗೆ ಹೋಗಿರುತ್ತೆ. ಹಣ್ಣಿನ ಕ್ಯಾಲೆಂಡರೂ ಕಾಲೇಜಿನ ಕ್ಯಾಲೆಂಡರೂ ಒಂದಕ್ಕೊಂದು ಬೆನ್ನು ಹಾಕಿವೆ. ಹಾಗಾಗಿ ಇದು ಒಂದು ಬ್ಯಾಚಿನ ಕೆಲಸ ಆಗೋದು ಸಾಧ್ಯವೇ ಇಲ್ಲ. ವರ್ಷಪೂರ್ತಿ ಸಿಗೋ ಬಾಳೆಯಲ್ಲಿ ಸೀನಿಯರ್ಸ್ ಡಬ್ಬ ಕಟ್ಟಿ, ಅಳತೆ ಸರಿ ಮಾಡಿ, ಪುಸ್ತಕ ಬರೆದಿಡಲಿ. ಮೇ ತಿಂಗಳಲ್ಲಿ ಜೂನಿಯರ್ಸ್ ಅದೇ ಡಬ್ಬಕ್ಕೆ ಮಾವು ಹಾಕಲಿ. ಮುಂದಿನ ವರ್ಷದವರು ಇನ್ನೊಂದು ತಳಿ ಹಾಕಲಿ. ನಾಲ್ಕೈದು ವರ್ಷಕ್ಕೆ ನಮ್ಮ ಸುತ್ತಲಿನ ಹಣ್ಣುಗಳದ್ದೇ ಒಂದು ಕೋಷ್ಟಕ ಸಿದ್ಧ ಆಗುತ್ತೆ. ಈಗ ಪ್ರತಿ ಬ್ಯಾಚೂ ಸೊನ್ನೆಯಿಂದ ಶುರು ಮಾಡಿ, ಡೆಮೋ ತೋರಿಸಿ, ಕಿಟ್ ಅನ್ನ ಬೀರುವಿಗೆ ಹಾಕಿ ಹೋಗುವ ಪದ್ಧತಿ ಇದೆ. ಡಿಪಾರ್ಟ್‌ಮೆಂಟಿನವರನ್ನ ನಾವು ಕೇಳೋದು ಇಷ್ಟೇ: ಹಿಂದಿನ ಬ್ಯಾಚಿನ ಅಳತೆಯನ್ನ ಮುಂದುವರಿಸೋ ಪ್ರಾಜೆಕ್ಟಿಗೂ "ನಾವೆಲ್ಟಿ" ಮಾರ್ಕ್ಸ್ ಕೊಡಿ. ಕಿಡ್ ಮತ್ತು ವೆಸ್ಟ್‌ಗೆ ಪ್ರತಿ ವರ್ಷ ಹೊಸ ಟೈಟಲ್ ಕೇಳಿದ್ದರೆ ಸೇಬು ಇವತ್ತಿಗೂ ಡಿಸೆಂಬರ್‌ಗೆ ಮುಗಿದು ಹೋಗ್ತಿತ್ತು.

ಇನ್ನೊಂದು ಕೋರಿಕೆ ಕನ್ನಡ ಸಂಘದವರಾಗಿ. ಆ ಕೋಷ್ಟಕವನ್ನ ಕನ್ನಡದಲ್ಲೂ ಬರೆಯೋಣ. "ಬಾದಾಮಿ, ಬಲಿತ ಕಾಯಿ, 13 ಡಿಗ್ರಿ, ಇಷ್ಟು ದಿನ, ಈ ಲಕ್ಷಣ ಕಂಡ್ರೆ ತಕ್ಷಣ ಹೊರಗೆ ತೆಗೆಯಿರಿ" ಅಂತ ಒಂದು ಹಾಳೆ. ಪೆಟ್ಟಿಗೆಯ ಮುಂದೆ ನಿಂತು ಅದನ್ನ ಓದೋರು ನಾವಲ್ಲ, ತೋಪಿನವರು. ಅವರಿಗೆ ಅರ್ಥ ಆಗದ ಪೆಟ್ಟಿಗೆಯ ಬೀಗದ ಕೈ ಮತ್ತೆ ಬೇರೆಯವರ ಹತ್ತಿರವೇ ಹೋಗುತ್ತೆ.

ಡಬ್ಬ, ತೂಕದ ಯಂತ್ರ, ಒಂದು ಸೆನ್ಸರ್, ಒಂದು ಕೆಜಿ ಬಾಳೆಹಣ್ಣು. ಈ ಸೆಮಿಸ್ಟರ್‌ನಲ್ಲೇ ಶುರು ಮಾಡಬಹುದು. ಯಾವ ಬ್ರಾಂಚ್ ಆದ್ರೂ ಸರಿ, ಆಸಕ್ತಿ ಇರೋರು ಸಂಘದ ಕೋಣೆಗೆ ಬನ್ನಿ. ಬರುವಾಗ ಬಾಳೆಹಣ್ಣು ನೀವೇ ತನ್ನಿ, ಅಳೆದ ಮೇಲೆ ಹಂಚಿಕೊಂಡು ತಿನ್ನೋಣ.